ಆರ್‌ನಲ್ಲಿ ಸ್ವಂತ ಅಸೈನ್‌ಮೆಂಟ್ ಆಪರೇಟರ್ ಕೈಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕಿನ ಮಳೆ ಅಂಕಿ ಕೂಡುವಾಗ, ದಾವಣಗೆರೆ ಮಾರುಕಟ್ಟೆಗೆ ಬಂದ ಮೆಕ್ಕೆಜೋಳದ ಆವಕ ಲೆಕ್ಕ ಹಾಕುವಾಗ ‘ಒಟ್ಟು <- ಒಟ್ಟು + ಇಂದಿನದು’ ಎಂಬ ಸಾಲು ದಿನಕ್ಕೆ ಹತ್ತಾರು ಸಲ ಬರುತ್ತದೆ. ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿಗೆ ಹಾಕುವ ಈ <- ಚಿಹ್ನೆಯೇ ಅಸೈನ್‌ಮೆಂಟ್ ಆಪರೇಟರ್. ಸಿ ಅಥವಾ ಪೈಥಾನ್ ಕಲಿತು, ಅಂಕಿಅಂಶದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಆರ್‌ಗೆ (R) ಬಂದವರ ಕೈ ತಾನಾಗಿ += ಒತ್ತುತ್ತದೆ, ಅಂದರೆ ಇದ್ದ ಬೆಲೆಗೆ ಕೂಡಿ ಅಲ್ಲೇ ಇಡುವ ಚಿಹ್ನೆ. ಆರ್‌ನಲ್ಲಿ ಅದಿಲ್ಲ. ಆದರೆ ಎರಡು ಶೇಕಡಾ ಚಿಹ್ನೆಗಳ ನಡುವೆ ಬೇಕಾದ್ದನ್ನು ಇಟ್ಟು ಸ್ವಂತ ಆಪರೇಟರ್ ಮಾಡಿಕೊಳ್ಳಲು ಭಾಷೆಯೇ ದಾರಿ ಬಿಟ್ಟಿದೆ. ಹಾಗೆ %+=% ಹುಟ್ಟುತ್ತದೆ. ಮೂರು ದಿನ ಚೆನ್ನಾಗಿ ಓಡುತ್ತದೆ, ನಾಲ್ಕನೆಯ ದಿನ ಮೊತ್ತ ತಾಳೆಯಾಗುವುದಿಲ್ಲ.

ಆಗ ಎಲ್ಲರೂ ಮೊದಲು ಕೈ ಹಾಕುವುದು ಆಪರೇಟರಿನ ಫಂಕ್ಷನ್ ಒಳಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹೆಚ್ಚಿನ ಸಲ ತಪ್ಪು ಇರುವುದು ಎರಡು ಕಡೆ: ನೀವು ಬರೆದ ಸಾಲನ್ನು ಆರ್ ಎಲ್ಲಿ ತುಂಡು ಮಾಡಿ ಓದಿತು, ಮತ್ತು ಹೊಸ ಬೆಲೆಯನ್ನು ಯಾವ ಎನ್ವಿರಾನ್‌ಮೆಂಟಿನಲ್ಲಿ (ವೇರಿಯಬಲ್ ಹೆಸರು ಮತ್ತು ಬೆಲೆಗಳನ್ನು ಇಡುವ ಜಾಗ) ಬರೆಯಿತು. ಫಂಕ್ಷನ್ ಮುಟ್ಟುವ ಮೊದಲು ಇವೆರಡನ್ನು ನೋಡಿ.

ಕೋಡ್ ಓದುವ ಬಗೆ: ಫಂಕ್ಷನ್, ಕೋಟ್, ಇವ್ಯಾಲ್ ಎಂದು ಇಲ್ಲಿ ಕನ್ನಡದಲ್ಲಿ ಬರೆದಿರುವ ಆರ್ ಪದಗಳನ್ನು ಗಣಕದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇವೆ, ಉಳಿದದ್ದೆಲ್ಲ ಸಣ್ಣಕ್ಷರ. ಮಟ್ಟ, ಒಟ್ಟು ಮುಂತಾದ ವೇರಿಯಬಲ್ ಹೆಸರುಗಳನ್ನೂ ನಿಮ್ಮ ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟುಕೊಳ್ಳುವುದೇ ಕ್ಷೇಮ. ಹೆಸರಿನಲ್ಲಿ ಯಾವ ಅಕ್ಷರ ಬರಬಹುದು ಎಂಬುದನ್ನು ಆರ್ ಆಯಾ ಗಣಕದ ಲೊಕೇಲ್ (ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್) ನೋಡಿ ತೀರ್ಮಾನಿಸುತ್ತದೆ. ಇವತ್ತು ಓಡಿದ್ದು ಪಕ್ಕದ ಮೇಜಿನ ಗಣಕದಲ್ಲಿ ಓಡದಿರಬಹುದು.

ಹೋಲಿಸಿ ನೋಡಲು ಸರಿಯಾದ ಒಂದು ವ್ಯಾಖ್ಯೆ ಕೈಯಲ್ಲಿರಲಿ:

    `%+=%` <- ಫಂಕ್ಷನ್(ಎಡ, ಬಲ) {
      ಜಾಗ   <- ಸಬ್‌ಸ್ಟಿಟ್ಯೂಟ್(ಎಡ)
      ಮನೆ   <- ಪೇರೆಂಟ್.ಫ್ರೇಮ್()
      ಹೊಸತು <- ಎಡ + ಬಲ
      ಇವ್ಯಾಲ್(ಕಾಲ್("<-", ಜಾಗ, ಕಾಲ್("ಕೋಟ್", ಹೊಸತು)), ಮನೆ)
      ಇನ್‌ವಿಸಿಬಲ್(ಹೊಸತು)
    }

ಐದು ಸಾಲಿಗೂ ಕೆಲಸವಿದೆ. ಜಾಗ ಎಂಬುದು ಎಡಗಡೆ ಬರೆದದ್ದನ್ನು ಬೆಲೆಯಾಗಿಸದೆ, ಬರೆದ ಹಾಗೇ ಹಿಡಿಯುತ್ತದೆ. ಮನೆ ಎಂಬುದು ಆಪರೇಟರನ್ನು ಕರೆದ ಕಡೆಯ ಎನ್ವಿರಾನ್‌ಮೆಂಟ್. ನಾಲ್ಕನೆಯ ಸಾಲು ಮಾಮೂಲಿ <- ಅನ್ನೇ ಕಟ್ಟಿ ಆ ಮನೆಯಲ್ಲಿ ಓಡಿಸುತ್ತದೆ. ಮುಂದೆ ಹೇಳುವ ತೊಂದರೆಗಳಲ್ಲಿ ಅರ್ಧದಷ್ಟು ಈ ಐದರಲ್ಲಿ ಒಂದನ್ನು ಬಿಟ್ಟದ್ದರಿಂದ ಬಂದವು.


ಎರರ್ ಇಲ್ಲ, ಅಂಕಿ ಮಾತ್ರ ತಪ್ಪು

ಇದು ಎಲ್ಲಕ್ಕಿಂತ ಕೆಟ್ಟ ದೋಷ. ಯಾರೂ ಕೂಗುವುದಿಲ್ಲ, ಲೆಕ್ಕ ಮಾತ್ರ ಹಾಳಾಗಿರುತ್ತದೆ. ಹಿರಿಯೂರು ಬಳಿಯ ವಾಣಿ ವಿಲಾಸ ಸಾಗರದ ನೀರಿನ ಮಟ್ಟವನ್ನು ಅಡಿಯಲ್ಲಿ ಇಟ್ಟಿದ್ದೀರಿ ಎನ್ನಿ (ಜಲಾಶಯದ ಪೂರ್ಣ ಮಟ್ಟ 130 ಅಡಿ, ಇಲ್ಲಿನ ಉಳಿದ ಅಂಕಿಗಳು ಉದಾಹರಣೆಗೆ ಮಾತ್ರ):

    ಮಟ್ಟ <- 120
    ಮಟ್ಟ %+=% 2 * 3

ಬೇಕಾದದ್ದು 126. ಪರದೆಯ ಮೇಲೆ 366 ಬರುತ್ತದೆ. ಮಟ್ಟ ಎಂದು ಒತ್ತಿ ನೋಡಿದರೆ 122. ಎರಡೂ ನಮಗೆ ಬೇಕಾದ ಅಂಕಿಯಲ್ಲ, ಒಂದಕ್ಕೊಂದು ಹೊಂದುವುದೂ ಇಲ್ಲ.

ಕಾರಣ ಆದ್ಯತೆ. ಶೇಕಡಾ ಚಿಹ್ನೆಯ ಆಪರೇಟರುಗಳೆಲ್ಲ, ಒಳಗೆ ಏನೇ ಬರೆದಿರಲಿ, ಒಂದೇ ದರ್ಜೆಯವು. ಆ ದರ್ಜೆ ಗುಣಾಕಾರ, ಭಾಗಾಕಾರಕ್ಕಿಂತ ಮೇಲೆ. ನೀವು = ಚಿಹ್ನೆ ಒಳಗಿಟ್ಟಿದ್ದೀರಿ ಎಂದು ಆರ್ ಅದನ್ನು ಅಸೈನ್‌ಮೆಂಟ್ ಎಂದು ಗುರುತಿಸುವುದಿಲ್ಲ. ಅದರ ಕಣ್ಣಿಗೆ %+=%, %in% ಮಾದರಿಯ ಹುಡುಕು ಆಪರೇಟರ್, ಭಾಗಾಕಾರದ ಶೇಷ ಕೊಡುವ %% ಎಲ್ಲವೂ ಒಂದೇ ಜಾತಿ. ಹಾಗಾಗಿ ಮೇಲಿನ ಸಾಲನ್ನು ಅದು (ಮಟ್ಟ %+=% 2) * 3 ಎಂದು ಓದಿತು: ಮೊದಲು 2 ಸೇರಿಸಿ 122 ಮಾಡಿತು, ಆಮೇಲೆ ಆ 122 ಅನ್ನು 3ರಿಂದ ಗುಣಿಸಿ ಪರದೆಗೆ ಎಸೆಯಿತು.

ಅನುಮಾನ ಬಂದ ಸಾಲನ್ನು ಹೀಗೆ ಬಿಡಿಸಿ ನೋಡಿ:

    ಆಸ್.ಲಿಸ್ಟ್(ಕೋಟ್(ಮಟ್ಟ %+=% 2 * 3))

ಮೂರು ತುಂಡು ಬರುತ್ತವೆ. ಮೊದಲನೆಯ ತುಂಡು ಆ ಸಾಲಿನ ಯಜಮಾನ. ಅಲ್ಲಿ `%+=%` ಇರಬೇಕಿತ್ತು, ಇರುವುದು `*`. ರೋಗ ಅಲ್ಲೇ ಸಿಕ್ಕಿತು, ಫಂಕ್ಷನ್ ತೆರೆಯುವ ಅಗತ್ಯವೇ ಇಲ್ಲ.

ಬಲಗಡೆ ಯಾವುದು ಬಂದರೆ ಅಪಾಯ, ಯಾವುದು ಬಂದರೆ ಇಲ್ಲ ಎಂಬುದನ್ನು ನೆನಪಿಟ್ಟರೆ ಸಾಕು. ಘಾತದ ^, ಸಂಖ್ಯೆಯ ಮುಂದಿನ ಋಣ ಚಿಹ್ನೆ, ಶ್ರೇಣಿಯ : ಇವು ಶೇಕಡಾ ಆಪರೇಟರಿಗಿಂತ ಬಿಗಿ. ಆದ್ದರಿಂದ ‘ಮಟ್ಟ %+=% -2’, ‘ಮಟ್ಟ %+=% 2^3’, ‘ಮಟ್ಟ %+=% 1:3’ ಸರಿಯಾಗೇ ಓದಲ್ಪಡುತ್ತವೆ. ಗುಣಾಕಾರ, ಭಾಗಾಕಾರ, ಸಂಕಲನ, ವ್ಯವಕಲನ, ಹೋಲಿಕೆ, ಮತ್ತು-ಅಥವಾ ಚಿಹ್ನೆಗಳು ಎಲ್ಲವೂ ಸಡಿಲ. ಇವು ಬಂದರೆ ಬಲಗಡೆ ಪೂರ್ತಿ ಆವರಣದೊಳಗೆ ಹೋಗಲೇಬೇಕು: ‘ಮಟ್ಟ %+=% (2 * 3)’. ‘ಮಟ್ಟ %+=% 5 - 2’ ವಿಶೇಷವಾಗಿ ಮೋಸ ಮಾಡುತ್ತದೆ. ಪರದೆಯ ಮೇಲೆ 123 ಎಂದು ನಿರೀಕ್ಷಿಸಿದ ಅಂಕಿಯೇ ಬರುತ್ತದೆ, ವೇರಿಯಬಲ್ ಒಳಗೆ ಮಾತ್ರ 125 ಕೂತಿರುತ್ತದೆ. ಪರದೆ ನೋಡಿ ಸಮಾಧಾನ ಪಟ್ಟುಕೊಂಡವರು ತಿಂಗಳ ಕೊನೆಗೆ ಹುಡುಕಾಡುತ್ತಾರೆ.

4.1.0 ಆವೃತ್ತಿಯಿಂದ (2021) ಬಂದ ಪೈಪ್ |> ಕೂಡ ಶೇಕಡಾ ಆಪರೇಟರಿನದೇ ದರ್ಜೆ, ಎಡದಿಂದ ಬಲಕ್ಕೆ ಓದಲ್ಪಡುತ್ತದೆ. ‘ಒಟ್ಟು %=% ಮಳೆ |> ಸಮ್()’ ಎಂದು ಬರೆದರೆ (ಕೂಡದೆ ಬರೀ ಅಸೈನ್ ಮಾಡುವ ಆಪರೇಟರ್ %=%) ಒಟ್ಟು ಒಳಗೆ ಮೊತ್ತ ಹೋಗುವುದಿಲ್ಲ, ಇಡೀ ಮಳೆ ಪಟ್ಟಿ ಹೋಗುತ್ತದೆ. ಮೊತ್ತ ಪರದೆಯ ಮೇಲೆ ಮಿಂಚಿ ಮಾಯ. ಇಲ್ಲೂ ಆವರಣವೇ ಮದ್ದು.

ಎಡದಿಂದ ಬಲಕ್ಕೆ ಓದುವ ಈ ಗುಣವೇ ಸರಪಳಿ ಅಸೈನ್‌ಮೆಂಟನ್ನೂ ಕೆಡಿಸುತ್ತದೆ. ಮಾಮೂಲಿ ‘ಅ <- ಬ <- 5’ ಬಲದಿಂದ ಎಡಕ್ಕೆ ನಡೆಯುತ್ತದೆ. ‘ಅ %+=% ಬ %+=% 5’ ಹಾಗಲ್ಲ. ಆಗ ಬರುವ ಎರರ್, "%+=%<-" ಎಂಬ ಫಂಕ್ಷನ್ ಸಿಗಲಿಲ್ಲ ಎಂದು. ಯಾರೂ ಬರೆಯದ ಆ ವಿಚಿತ್ರ ಹೆಸರು ಕಂಡ ಕೂಡಲೇ ತಿಳಿಯಿರಿ: ಎಡಗಡೆಯ ಜಾಗದಲ್ಲಿ ವೇರಿಯಬಲ್ ಬದಲು ಇನ್ನೊಂದು ಆಪರೇಟರಿನ ಕರೆ ಕೂತಿದೆ. ಇನ್ನೂ ಒಂದು ವಿಷಯ: ಎರರ್ ಬರುವ ಹೊತ್ತಿಗೆ ‘ಅ %+=% ಬ’ ಆಗಲೇ ಓಡಿಯಾಗಿರುತ್ತದೆ. ಅ ಬದಲಾಗಿದೆ. ಸಾಲು ತಿದ್ದಿ ಮತ್ತೆ ಓಡಿಸುವ ಮೊದಲು ಅ ಅನ್ನು ಹಳೆಯ ಬೆಲೆಗೆ ತನ್ನಿ, ಇಲ್ಲದಿದ್ದರೆ ಎರಡು ಸಲ ಕೂಡಿರುತ್ತೀರಿ. ‘-ಮಟ್ಟ %+=% 1’ ಬರೆದರೆ "-<-" ಸಿಗಲಿಲ್ಲ ಎಂದು ಬರುವುದೂ ಇದೇ ಕಾರಣಕ್ಕೆ.


ಆವರಣ ಹಾಕುವುದೇ ಬೇಡ ಎನ್ನುವವರಿಗೆ

ಅಸೈನ್‌ಮೆಂಟಿನದೇ ದರ್ಜೆ, ಬಲದಿಂದ ಎಡಕ್ಕೆ ಓದು, ಆದರೆ ಅರ್ಥ ಮಾತ್ರ ಖಾಲಿ – ಅಂಥ ಒಂದೇ ಚಿಹ್ನೆ ಆರ್ ಪಾರ್ಸರಿನಲ್ಲಿದೆ (ಸಾಲನ್ನು ತುಂಡು ಮಾಡಿ ಓದುವ ಭಾಗ): :=. ಮೂಲ ಆರ್ ಇದನ್ನು ಓದಬಲ್ಲದು, ಫಂಕ್ಷನ್ ಕೊಟ್ಟಿಲ್ಲ. ನೀವು ‘`:=` <- ಫಂಕ್ಷನ್(ಎಡ, ಬಲ) …’ ಎಂದು ಮೇಲಿನ ಮಾದರಿಯಲ್ಲೇ ಅರ್ಥ ಕೊಟ್ಟರೆ ‘ಮಟ್ಟ := 2 * 3’ ಆವರಣವಿಲ್ಲದೆ ಓಡುತ್ತದೆ.

ಬೆಲೆ ತೆರಬೇಕಾದ್ದು ಬೇರೆ ಕಡೆ. ಡೇಟಾ.ಟೇಬಲ್ ಪ್ಯಾಕೇಜ್ ಇದೇ ಚಿಹ್ನೆಯನ್ನು ಕಾಲಂ ಬದಲಿಸಲು ಇಟ್ಟುಕೊಂಡಿದೆ, ಆರ್‌ಲ್ಯಾಂಗ್ ಕೂಡ ಇದನ್ನು ಹೊರಗೆ ಕೊಡುತ್ತದೆ. ಡೇಟಾ.ಟೇಬಲಿನ ಚೌಕಾವರಣದೊಳಗೆ ಬರೆದ := ಅನ್ನು ಅದು ತಾನೇ ಹಿಡಿದು ಓದುವುದರಿಂದ ನಿಮ್ಮ ವ್ಯಾಖ್ಯೆ ಅಲ್ಲಿ ಅಡ್ಡ ಬರುವುದಿಲ್ಲ. ಹೊರಗಿನ ಕಥೆ ಬೇರೆ. ನಿಮ್ಮ := ಕನ್ಸೋಲಿನಲ್ಲಿ, ಅಂದರೆ ಗ್ಲೋಬಲ್ ಎನ್ವಿರಾನ್‌ಮೆಂಟಿನಲ್ಲಿದ್ದರೆ ಅದೇ ಗೆಲ್ಲುತ್ತದೆ. ನಿಮ್ಮದು ಪ್ಯಾಕೇಜಿನಲ್ಲಿದ್ದು ಡೇಟಾ.ಟೇಬಲ್ ಆಮೇಲೆ ಲೋಡ್ ಆಗಿದ್ದರೆ ಅದರದು ಗೆಲ್ಲುತ್ತದೆ, ಮತ್ತು ಡೇಟಾ.ಟೇಬಲ್ ಹೌದೋ ಅಲ್ಲವೋ ಪರೀಕ್ಷಿಸಿ ಎಂದು ಸಂಬಂಧವೇ ಇಲ್ಲದ ಎರರ್ ಬರುತ್ತದೆ. ಡೇಟಾ.ಟೇಬಲ್ ಬಳಸುವ ಕಡೆ := ಮುಟ್ಟದೆ, ಶೇಕಡಾ ಆಪರೇಟರ್ ಜೊತೆಗೆ ಆವರಣ ಹಾಕುವುದೇ ನಮ್ಮ ಶಿಫಾರಸು.


ಸಾಲು ಓದುವ ಹಂತದಲ್ಲೇ ನಿಂತರೆ

‘ಮಟ್ಟ += 1’ ಬರೆದಾಗ = ಇಲ್ಲಿ ಅನಿರೀಕ್ಷಿತ ಎಂಬ ಎರರ್ ಬರುತ್ತದೆ. `+=` ಎಂಬ ಹೆಸರಿನ ಫಂಕ್ಷನ್ ಮಾಡಬಹುದು, ಆರ್ ಬೇಡ ಎನ್ನುವುದಿಲ್ಲ. ಆದರೆ ನಡುವೆ ಇಟ್ಟು ಬರೆದಾಗ ಪಾರ್ಸರ್ + ಮತ್ತು = ಎರಡನ್ನೂ ಬೇರೆ ಬೇರೆಯಾಗೇ ಓದುತ್ತದೆ. ಫಂಕ್ಷನ್ ಎಷ್ಟು ಸಲ ತಿದ್ದಿದರೂ ಇದು ಸರಿಹೋಗದು. ‘ಮಟ್ಟ++’ ಇನ್ನೂ ಗೊಂದಲ: ಎರರ್ ಬಾರದೆ ಕನ್ಸೋಲ್ + ತೋರಿಸಿ ಮುಂದಿನ ಸಾಲಿಗೆ ಕಾಯುತ್ತದೆ, ಎಸ್ಕೇಪ್ ಒತ್ತಿ ಹೊರಬನ್ನಿ. ‘++ಮಟ್ಟ’ ತಪ್ಪಿಲ್ಲದೆ ಓಡುತ್ತದೆ, ಏನನ್ನೂ ಬದಲಿಸುವುದಿಲ್ಲ. ಎರಡು ಧನ ಚಿಹ್ನೆ ಅಷ್ಟೆ.

ವ್ಯಾಖ್ಯೆಯ ಸಾಲಿನಲ್ಲೇ ಅನಿರೀಕ್ಷಿತ ಇನ್‌ಪುಟ್ ಎಂದು ಬಂದರೆ ಉದ್ಧರಣ ಚಿಹ್ನೆ ನೋಡಿ. ವರ್ಡ್‌ನಲ್ಲಿ ಬರೆದಿಟ್ಟ ಕೋಡಿನಲ್ಲಿ ನೇರ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿರುತ್ತವೆ; ಆರ್ ಅವನ್ನು ಒಪ್ಪದು. ಇನ್‌ಸ್ಕ್ರಿಪ್ಟ್ ಕನ್ನಡ ಕೀಲಿಮಣೆ ಚಾಲೂ ಇದ್ದರೆ ಬ್ಯಾಕ್‌ಟಿಕ್ (`) ಕೀಲಿಯಲ್ಲಿ ಸ್ವರಚಿಹ್ನೆ ಬರುತ್ತದೆ, ಬ್ಯಾಕ್‌ಟಿಕ್ ಅಲ್ಲ. ಬ್ಯಾಕ್‌ಟಿಕ್ ಸಿಗದಿದ್ದರೆ ಚಿಂತೆಯಿಲ್ಲ: ‘"%+=%" <- ಫಂಕ್ಷನ್…’ ಎಂದು ನೇರ ಜೋಡಿ ಉದ್ಧರಣದಲ್ಲಿ ಬರೆದರೂ ವ್ಯಾಖ್ಯೆ ನಡೆಯುತ್ತದೆ.

ಶೇಕಡಾ ಚಿಹ್ನೆಗಳ ನಡುವೆ ಇನ್ನೊಂದು ಶೇಕಡಾ ಚಿಹ್ನೆ ಮತ್ತು ಸಾಲು ಮುರಿತ ಎರಡು ಬಿಟ್ಟು ಏನು ಬೇಕಾದರೂ ಬರಬಹುದು. ಯುಟಿಎಫ್-8 ಲೊಕೇಲಿನಲ್ಲಿ ‘ಮಟ್ಟ %ಏರಿಸು% 2’ ಕೂಡ ನಡೆಯುತ್ತದೆ, ನೋಡಲು ಚೆಂದ. ವಿಂಡೋಸಿನಲ್ಲಿ ಮಾತ್ರ ಆರ್ 4.2.0ಕ್ಕಿಂತ (2022) ಹಳೆಯದಿದ್ದರೆ ಕನ್ನಡ ಅಕ್ಷರಗಳು ಕೋನಾವರಣದೊಳಗಿನ ಯೂನಿಕೋಡ್ ಸಂಖ್ಯೆಗಳಾಗಿ ಒಡೆದು ಕಾಣುತ್ತವೆ. ಅಂಥ ಗಣಕದಲ್ಲಿ ಮೊದಲು ಆವೃತ್ತಿ ಏರಿಸಿ, ಆಮೇಲೆ ದೋಷ ಹುಡುಕಿ.


ಮಟ್ಟ[3] ಬದಲಾಗಲಿಲ್ಲ

ಐದು ದಿನದ ಮಟ್ಟ ಒಂದು ಪಟ್ಟಿಯಲ್ಲಿದೆ: 128.4, 128.9, 129.1, 129.6, 130. ಮೂರನೆಯ ದಿನದ್ದಕ್ಕೆ 0.2 ಸೇರಿಸಬೇಕು. ‘ಮಟ್ಟ[3] %+=% 0.2’ ಓಡಿಸಿದಿರಿ. ಎರರ್ ಇಲ್ಲ. ಮಟ್ಟ ತೆರೆದರೆ ಮೂರನೆಯದು ಇನ್ನೂ 129.1.

ಕನ್ಸೋಲಿನಲ್ಲಿ ಎಲ್ಎಸ್() ಒತ್ತಿ. ಪಟ್ಟಿಯಲ್ಲಿ "ಮಟ್ಟ" ಇದೆ, ಅದರ ಪಕ್ಕ "ಮಟ್ಟ[3]" ಎಂಬ ಇನ್ನೊಂದು ವೇರಿಯಬಲ್ಲೂ ಇದೆ! ಚೌಕಾವರಣ ಸಮೇತ ಅದೇ ಅದರ ಹೆಸರು, ಅದರೊಳಗೆ 129.3. ನಿಮ್ಮ ಆಪರೇಟರ್ ಒಳಗೆ ‘ಅಸೈನ್(ಡಿಪಾರ್ಸ್(ಸಬ್‌ಸ್ಟಿಟ್ಯೂಟ್(ಎಡ)), …)’ ಎಂದಿದೆ. ಡಿಪಾರ್ಸ್ ಎಡಗಡೆಯನ್ನು ಬರೀ ಅಕ್ಷರ ಸಾಲು ಮಾಡಿತು, ಅಸೈನ್ ಆ ಅಕ್ಷರ ಸಾಲನ್ನೇ ಹೆಸರೆಂದು ನಂಬಿತು. ಅಸೈನ್‌ಗೆ ಪಟ್ಟಿಯ ಒಂದು ಮನೆಯನ್ನು ಬದಲಿಸುವುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹೆಸರು ಮಾತ್ರ. ಎಡಗಡೆ ತೀರ ಉದ್ದವಿದ್ದರೆ ಡಿಪಾರ್ಸ್ ಒಂದಕ್ಕಿಂತ ಹೆಚ್ಚು ತುಂಡು ಕೊಡುತ್ತದೆ, ಆಗ ಮೊದಲ ತುಂಡನ್ನಷ್ಟೇ ಹೆಸರಾಗಿ ಬಳಸಿದೆ ಎಂದು ಎಚ್ಚರಿಕೆ ಬರುತ್ತದೆ.

ಭೂತವನ್ನು ‘ಆರ್‌ಎಂ(ಲಿಸ್ಟ್ = "ಮಟ್ಟ[3]")’ ಎಂದು ಓಡಿಸಿ. ಅಸೈನ್ ತೆಗೆದು ಮೇಲೆ ಕೊಟ್ಟ ಇವ್ಯಾಲ್-ಕಾಲ್ ಸಾಲು ಹಾಕಿ. ಆಗ ಮಾಮೂಲಿ <- ಓಡುವುದರಿಂದ ಚೌಕಾವರಣ, ಜೋಡಿ ಚೌಕಾವರಣ, $ ಚಿಹ್ನೆ ಎಲ್ಲವೂ ತಮ್ಮ ಮಾಮೂಲಿ ರೀತಿಯಲ್ಲೇ ನಡೆಯುತ್ತವೆ.

ಸರಿಯಾದ ವ್ಯಾಖ್ಯೆಯಲ್ಲೂ ಉಳಿಯುವ ಒಂದು ಸಂದಿ ಇದೆ. ಎಡಗಡೆಯ ಸೂಚಿ ಎರಡು ಸಲ ಓಡುತ್ತದೆ, ಓದುವಾಗ ಒಮ್ಮೆ, ಬರೆಯುವಾಗ ಒಮ್ಮೆ. ‘ಮಟ್ಟ[ಸ್ಯಾಂಪಲ್(5, 1)] %+=% 1’ ಒಂದು ದಿನದ ಅಂಕಿ ಓದಿ ಬೇರೆ ದಿನದ ಮೇಲೆ ಬರೆದೀತು. ಸೂಚಿಯನ್ನು ಮೊದಲೇ ಒಂದು ವೇರಿಯಬಲ್‌ಗೆ ಹಾಕಿಕೊಂಡು ಬಳಸಿ.


ಫಂಕ್ಷನ್ ಒಳಗೆ ಸರಿ, ಹೊರಗೆ ಹಳೆಯ ಬೆಲೆಯೇ

ಮೊದಲು ಆಪರೇಟರಿನಲ್ಲಿ ಪೇರೆಂಟ್.ಫ್ರೇಮ್() ಇದೆಯೇ ನೋಡಿ. ಇಲ್ಲದಿದ್ದರೆ ಬರಹ ಆಪರೇಟರಿನ ಒಳಗೇ ನಡೆದು, ಫಂಕ್ಷನ್ ಮುಗಿದ ಕೂಡಲೇ ಅಳಿದುಹೋಗುತ್ತದೆ.

ಅದಿದ್ದೂ ತೊಂದರೆ ಇದ್ದರೆ ಬಹುಪಾಲು ಪಟ್ಟಿಯ ಪ್ರತಿ ಅಂಶಕ್ಕೂ ಒಂದು ಫಂಕ್ಷನ್ ಓಡಿಸುವ ಲ್ಯಾಪ್ಲೈ, ಸ್ಯಾಪ್ಲೈ ಮಾದರಿಯ ಕರೆಗಳಲ್ಲಿ:

    ಒಟ್ಟು <- 0
    ಸ್ಯಾಪ್ಲೈ(ಸಿ(10, 20, 30), ಫಂಕ್ಷನ್(ಮೂಟೆ) ಒಟ್ಟು %+=% ಮೂಟೆ)

ಪರದೆಯಲ್ಲಿ 10, 20, 30. ಏರುತ್ತಾ ಹೋಗಬೇಕಿದ್ದದ್ದು 10, 30, 60. ಒಟ್ಟು ಇನ್ನೂ 0. ನಡೆದದ್ದಿಷ್ಟು: ಪ್ರತಿ ಸಲವೂ ಒಳಗಿನ ಹೆಸರಿಲ್ಲದ ಫಂಕ್ಷನ್ ಹೊಸದಾಗಿ ಎದ್ದಿತು, ಒಟ್ಟು ತನ್ನ ಹತ್ತಿರ ಇಲ್ಲದ್ದರಿಂದ ಹೊರಗಿನ 0 ಓದಿಕೊಂಡಿತು, ಹೊಸ ಬೆಲೆಯನ್ನು ತನ್ನ ಮನೆಯಲ್ಲೇ ಬರೆದು, ಮನೆ ಸಮೇತ ಮಾಯವಾಯಿತು. ಆಪರೇಟರಿನ ತಪ್ಪಲ್ಲ, ಬರೀ <- ಹಾಕಿದ್ದರೂ ಇದೇ ಆಗುತ್ತಿತ್ತು. ಇದೇ ಸಾಲು ಫಾರ್ ಲೂಪಿನಲ್ಲಿ ಸರಿಯಾಗಿ ಕೂಡುತ್ತದೆ, ಏಕೆಂದರೆ ಫಾರ್ ತನಗೆಂದು ಬೇರೆ ಎನ್ವಿರಾನ್‌ಮೆಂಟ್ ಕಟ್ಟಿಕೊಳ್ಳುವುದಿಲ್ಲ. ‘ಲೂಪಿನಲ್ಲಿ ಓಡಿತ್ತು, ಸ್ಯಾಪ್ಲೈಗೆ ಹಾಕಿದ ಮೇಲೆ ಕೆಟ್ಟಿತು’ ಎಂಬ ದೂರಿಗೆ ಉತ್ತರ ಇದು.

ಕಾಲ್ ಒಳಗಿನ "<-" ಬದಲು "<<-" ಇಟ್ಟ ಇನ್ನೊಂದು ಆಪರೇಟರ್ ಮಾಡಿದರೆ ಹೊರಗಿನ ಒಟ್ಟು ಬದಲಾಗುತ್ತದೆ. ಮಾಡಬಹುದು, ಆದರೆ ಯಾವ ಸಾಲು ಯಾವ ಮನೆಯ ವೇರಿಯಬಲ್ ಬದಲಿಸುತ್ತದೆ ಎಂದು ಆರು ತಿಂಗಳ ನಂತರ ಓದುವವರಿಗೆ ಗೊತ್ತಾಗದು. ಮೊತ್ತ ಬೇಕಿದ್ದರೆ ಸಮ್(), ಏರುತ್ತಾ ಹೋಗುವ ಮೊತ್ತ ಬೇಕಿದ್ದರೆ ಕಮ್‌ಸಮ್() ಇವೆ. ಫೋರ್‌ಈಚ್ ಪ್ಯಾಕೇಜಿನ ಸಮಾಂತರ ಲೂಪಿನಲ್ಲಂತೂ <<- ಹಾಕಿದರೂ ಪ್ರಯೋಜನವಿಲ್ಲ: ಕೆಲಸ ಬೇರೆ ಪ್ರೋಸೆಸ್‌ಗಳಲ್ಲಿ ನಡೆಯುವಾಗ ಅಲ್ಲಿ ಬದಲಾದ ಒಟ್ಟು ಇಲ್ಲಿಗೆ ವಾಪಸ್ ಬರುವುದಿಲ್ಲ. ಅದರ ಕಂಬೈನ್ ಆಯ್ಕೆಗೆ + ಕೊಡಿ.


ಸಬ್‌ಸ್ಟಿಟ್ಯೂಟ್ ತಡವಾಗಿ ಬಂದರೆ

ಅಸೈನ್‌ಮೆಂಟಿನ ಎಡಗಡೆ ಅಮಾನ್ಯ ಎಂಬ ಎರರಿನಲ್ಲಿ ‘ಡು_ಸೆಟ್’ ಎಂಬ ಪದ ಕಂಡರೆ, ಎಡಗಡೆ ಹೆಸರಿನ ಬದಲು ಬೆಲೆ ಬಂದು ಕೂತಿದೆ. ‘5 %+=% 2’ ಬರೆದರೆ ಹೀಗಾಗುವುದು ಸಹಜ. ಸರಿಯಾದ ವೇರಿಯಬಲ್ ಕೊಟ್ಟೂ ಹೀಗಾದರೆ ಫಂಕ್ಷನ್ ಒಳಗಿನ ಸಾಲುಗಳ ಕ್ರಮ ನೋಡಿ. ಮೊದಲ ಸಾಲಲ್ಲೇ ‘ಎಡ <- ಎಡ + ಬಲ’ ಎಂದು ಬರೆದು ಆಮೇಲೆ ಸಬ್‌ಸ್ಟಿಟ್ಯೂಟ್(ಎಡ) ಕೇಳಿದರೆ, ಅಷ್ಟು ಹೊತ್ತಿಗೆ ಎಡ ಮಾಮೂಲಿ ವೇರಿಯಬಲ್ ಆಗಿಬಿಟ್ಟಿರುತ್ತದೆ, ಹೆಸರಿನ ಬದಲು ಅಂಕಿ ಕೈಗೆ ಬರುತ್ತದೆ. ಎಡವನ್ನು ಓದಿದರೆ ತೊಂದರೆ ಇಲ್ಲ. ಅದರ ಮೇಲೆ ಬರೆದರೆ ತೊಂದರೆ.

ಹೊಸತನ್ನು ಕೋಟ್ ಕರೆಯೊಳಗೆ ಸುತ್ತಿದ್ದೇಕೆ ಎಂದು ಕೇಳುವವರಿದ್ದಾರೆ. ಸಂಖ್ಯೆಗಳಿಗೆ ಬೇಕಿಲ್ಲ. ಆದರೆ ಬರೀ ಅಸೈನ್ ಮಾಡುವ %=% ಬರೆದು ‘ಸೂತ್ರ %=% ಕೋಟ್(ಅ + ಬ)’ ಓಡಿಸಿ ನೋಡಿ. ಸುತ್ತದಿದ್ದರೆ ಸೂತ್ರದೊಳಗೆ ಅ + ಬ ಎಂಬ ಅಭಿವ್ಯಕ್ತಿ ಉಳಿಯುವುದಿಲ್ಲ, ಅದು ಓಡಿ ಬಂದ ಅಂಕಿ ಕೂರುತ್ತದೆ. ಅ ಇಲ್ಲದಿದ್ದರೆ ಅ ಸಿಗಲಿಲ್ಲ ಎಂಬ ಎರರ್.


ಕಾಲಂ ಹೆಸರಿನ ಮೋಸ

ಆವಕ ಎಂಬ ಲಿಸ್ಟಿನಲ್ಲಿ ಮೆಕ್ಕೆಜೋಳ = 40 ಇದೆ. ಅವಸರದಲ್ಲಿ ‘ಆವಕ$ಮೆಕ್ಕೆ %+=% 5’ ಬರೆದಿರಿ. ಈಗ ಆವಕದಲ್ಲಿ ಎರಡಿವೆ: ಮೆಕ್ಕೆಜೋಳ 40, ಮೆಕ್ಕೆ 45. ಓದುವಾಗ $ ಚಿಹ್ನೆ ಅರ್ಧ ಹೆಸರನ್ನೂ ಒಪ್ಪಿ ಮೆಕ್ಕೆಜೋಳದ ಬೆಲೆ ಕೊಡುತ್ತದೆ, ಬರೆಯುವಾಗ ಪೂರ್ತಿ ಹೆಸರೇ ಬೇಕೆನ್ನುತ್ತದೆ. ಕೂಡು ಆಪರೇಟರ್ ಓದುವುದೂ ಬರೆಯುವುದೂ ಒಟ್ಟಿಗೆ ಮಾಡುವುದರಿಂದ ಎರಡು ನಿಯಮಗಳ ನಡುವೆ ಸಿಕ್ಕಿಬೀಳುತ್ತದೆ. ಡೇಟಾ ಫ್ರೇಮಿನಲ್ಲೂ ಇದೇ ಪಾಡು. ಆಪ್ಷನ್ಸ್ ಒಳಗೆ ‘ವಾರ್ನ್‌ಪಾರ್ಷಿಯಲ್‌ಮ್ಯಾಚ್‌ಡಾಲರ್’ ಅನ್ನು ಟ್ರೂ ಮಾಡಿ (ಪಾರ್ಷಿಯಲ್, ಮ್ಯಾಚ್, ಡಾಲರ್ ಮೂರಕ್ಕೂ ಮೊದಲಕ್ಷರ ದೊಡ್ಡದು, ಟ್ರೂ ಪೂರ್ತಿ ದೊಡ್ಡಕ್ಷರ). ಅಂದಿನಿಂದ ಅರ್ಧ ಹೆಸರಿಗೆ ಎಚ್ಚರಿಕೆ ಬರುತ್ತದೆ. ಜೋಡಿ ಚೌಕಾವರಣ ತಾನಾಗಿ ಅರ್ಧ ಹೆಸರು ಒಪ್ಪುವುದಿಲ್ಲ.

ಬದಲಿಗೆ ಹಾಕುವುದರಲ್ಲಿ 0 ಸಾಲು ಇದೆ, ಡೇಟಾದಲ್ಲಿ 6 ಇದೆ ಎಂಬ ಅರ್ಥದ ಎರರ್ ಬಂದರೆ ಆ ಕಾಲಂ ಇಲ್ಲವೇ ಇಲ್ಲ. ಹೆಸರು ಕಣ್ಣಿಗೆ ಸರಿಯಾಗೇ ಕಾಣುತ್ತಿದ್ದರೆ ಕನ್ನಡದ್ದೇ ಒಂದು ಕಾರಣ ಹುಡುಕಿ: ‘ಮಾರ್ಕೆಟ್‌ದರ’ದಲ್ಲಿ ಒತ್ತಕ್ಷರ ಆಗದಂತೆ ಟ್ ನಂತರ ಒಂದು ಕಾಣದ ಅಕ್ಷರ ಇರುತ್ತದೆ. ಎಕ್ಸೆಲ್‌ನಿಂದ ಬಂದ ಹೆಸರಿನಲ್ಲಿ ಅದು ಇದ್ದು, ನೀವು ಒತ್ತಿದ್ದರಲ್ಲಿ ಇಲ್ಲದಿದ್ದರೆ ಆರ್‌ಗೆ ಅವು ಬೇರೆ ಬೇರೆ ಹೆಸರು. ‘ಯುಟಿಎಫ್8ಟುಇಂಟ್’ (ಟು, ಇಂಟ್ ಎರಡಕ್ಕೂ ಮೊದಲಕ್ಷರ ದೊಡ್ಡದು) ಕೊಡುವ ಸಂಖ್ಯೆಗಳಲ್ಲಿ 8204 ಕಂಡರೆ ಅದೇ ಆ ಅಕ್ಷರ. ಫೈಲ್ ಓದಿದ ಕೂಡಲೇ ಎಲ್ಲ ಕಾಲಂ ಹೆಸರಿನಿಂದ ಅದನ್ನು ತೆಗೆದುಬಿಡಿ.


ನಿನ್ನೆ ಓಡಿದ್ದು ಇವತ್ತು ಬೇರೆ ಅರ್ಥ ಕೊಡುತ್ತಿದೆ

‘ಫೈಂಡ್("%<-%")’ ಓಡಿಸಿ. ಜೀಲಾಟ್ ಮತ್ತು ಫ್ಯೂಚರ್ ಎರಡೂ ಪ್ಯಾಕೇಜುಗಳು %<-% ಕೊಡುತ್ತವೆ. ಮೊದಲನೆಯದು ಒಂದು ಪಟ್ಟಿಯನ್ನು ಹಲವು ಹೆಸರುಗಳಿಗೆ ಹಂಚಲು, ಎರಡನೆಯದು ಲೆಕ್ಕವನ್ನು ಹಿನ್ನೆಲೆಗೆ ಕಳಿಸಲು. ಕೊನೆಗೆ ಲೋಡ್ ಆದದ್ದೇ ಗೆಲ್ಲುತ್ತದೆ, ಫೈಂಡ್ ಕೊಡುವ ಪಟ್ಟಿಯಲ್ಲಿ ಮೊದಲು ಬರುವುದೂ ಅದೇ. ಪ್ಯಾಕೇಜ್ ಹೆಸರು ಮತ್ತು :: ಹಾಕಿ ಆಪರೇಟರನ್ನು ನಡುವೆ ಬರೆಯಲು ಪಾರ್ಸರ್ ಬಿಡುವುದಿಲ್ಲ. ಬೇಕಾದದ್ದಕ್ಕೆ ಹೊಸ ಹೆಸರು ಕೊಟ್ಟುಕೊಳ್ಳಿ: ‘`%ಹಂಚು%` <- ಜೀಲಾಟ್::`%<-%`’.

ಪಟ್ಟಿಯಲ್ಲಿ ಗ್ಲೋಬಲ್ ಎನ್ವಿರಾನ್‌ಮೆಂಟ್ ಕಂಡರೆ, ಹಿಂದಿನ ಸಲ ಉಳಿಸಿದ ವರ್ಕ್‌ಸ್ಪೇಸಿನಿಂದ ಹಳೆಯ ವ್ಯಾಖ್ಯೆ ಎದ್ದು ಬಂದಿರಬಹುದು. ಆರ್‌ಸ್ಟುಡಿಯೊದಲ್ಲಿ ಕಂಟ್ರೋಲ್, ಶಿಫ್ಟ್, ಎಫ್10 ಒಟ್ಟಿಗೆ ಒತ್ತಿ ಆರ್ ಮರುಚಾಲೂ ಮಾಡಿ, ವರ್ಕ್‌ಸ್ಪೇಸ್ ಉಳಿಸುವ ಆಯ್ಕೆಯನ್ನು ಶಾಶ್ವತವಾಗಿ ಆರಿಸಿಬಿಡಿ.

<- ಚಿಹ್ನೆಗೇ ಹೊಸ ಅರ್ಥ ಕೊಡುವ ಆಸೆ ಕೆಲವರಿಗೆ ಹುಟ್ಟುತ್ತದೆ. ಆರ್ ಬಿಡುತ್ತದೆ. ಆದರೆ 3.4.0ರಿಂದ (2017) ಫಂಕ್ಷನ್‌ಗಳು ಓಡುತ್ತಲೇ ತಾವಾಗಿ ಬೈಟ್‌ಕೋಡ್ (ಬೇಗ ಓಡಲು ಮೊದಲೇ ಅನುವಾದಿಸಿಟ್ಟ ರೂಪ) ಆಗುತ್ತವೆ. ಮೊದಲೇ ಹಾಗಾದವು ಹಳೆಯ ಅರ್ಥದಲ್ಲೇ ಓಡುತ್ತವೆ, ಹೊಸವು ಹೊಸ ಅರ್ಥದಲ್ಲಿ. ಒಂದೇ ಫೈಲಿನಲ್ಲಿ ಎರಡು ಭಾಷೆ. ಬೇಡ.


ಬೆಲೆ ಹಾಕಿದರೆ ಇಡೀ ವಸ್ತುವೇ ಮಾಯ

ಇದು ಶೇಕಡಾ ಆಪರೇಟರ್ ಅಲ್ಲ, ‘ಮೂಟೆ(ಆವಕ) <- 40’ ಎಂದು ಎಡಗಡೆ ಫಂಕ್ಷನ್ ಬರೆಯುವ ವಿಧಾನ. ಹಲವು ಕಡೆ ಇದೇ ಹೆಚ್ಚು ಒಳ್ಳೆಯದು. ಆದ್ಯತೆಯ ಗೋಜಿಲ್ಲ, ಎನ್ವಿರಾನ್‌ಮೆಂಟ್ ಹುಡುಕುವುದಿಲ್ಲ. ಮೂಟೆಗೆ 50 ಕೆಜಿ ಎಂದುಕೊಂಡು:

    `ಮೂಟೆ<-` <- ಫಂಕ್ಷನ್(ಎಕ್ಸ್, ವ್ಯಾಲ್ಯೂ) {
      ಎಕ್ಸ್$ಕ್ವಿಂಟಲ್ <- ವ್ಯಾಲ್ಯೂ * 0.5
      ಎಕ್ಸ್
    }

ಕೊನೆಯ ‘ಎಕ್ಸ್’ ಸಾಲು ಮರೆತರೆ ಆವಕದ ಜಾಗದಲ್ಲಿ ಬರೀ 20 ಎಂಬ ಸಂಖ್ಯೆ ಉಳಿಯುತ್ತದೆ. ಊರು, ದಿನಾಂಕ, ದರ ಎಲ್ಲವೂ ಹೋಯಿತು. ಅಸೈನ್‌ಮೆಂಟ್ ಸಾಲಿನ ಬೆಲೆ ಬಲಗಡೆಯ ಬೆಲೆಯೇ ಆದ್ದರಿಂದ ಫಂಕ್ಷನ್ ಅದನ್ನೇ ಹಿಂತಿರುಗಿಸಿತು, ಆರ್ ಅದನ್ನೇ ಆವಕ ಎಂದು ಇಟ್ಟಿತು.

ಕೊನೆಯ ಆರ್ಗ್ಯುಮೆಂಟಿನ ಹೆಸರು ಇಂಗ್ಲಿಷಿನ ವ್ಯಾಲ್ಯೂ ಪದವೇ ಆಗಿರಬೇಕು, ಕಡ್ಡಾಯ. ಬೇರೆ ಹೆಸರಿಟ್ಟರೆ ಬಳಕೆಯಾಗದ ಆರ್ಗ್ಯುಮೆಂಟ್ ಎಂಬ ಎರರ್ ಬರುತ್ತದೆ. ಆ ಎರರಿನಲ್ಲಿ ನಕ್ಷತ್ರ ಚಿಹ್ನೆಗಳ ನಡುವೆ ಟಿಎಂಪಿ ಎಂದು ಕಾಣುವುದು ಆರ್ ತಾತ್ಕಾಲಿಕವಾಗಿ ಇಟ್ಟುಕೊಂಡ ಹೆಸರು. ಅದನ್ನು ನಿಮ್ಮ ಕೋಡಿನಲ್ಲಿ ಹುಡುಕಬೇಡಿ.


ಪ್ಯಾಕೇಜ್ ಮಾಡಿದ ಮೇಲೆ ಆಪರೇಟರ್ ಕಾಣೆ

ನಿಮ್ಮ ಪ್ಯಾಕೇಜಿನ ಉಳಿದ ಫಂಕ್ಷನ್‌ಗಳೆಲ್ಲ ಸಿಗುತ್ತವೆ, %+=% ಮಾತ್ರ ಸಿಗಲಿಲ್ಲ ಎನ್ನುತ್ತದೆ. ನೇಮ್‌ಸ್ಪೇಸ್ ಫೈಲ್ ತೆರೆಯಿರಿ. ಅಲ್ಲಿ ಅಕ್ಷರದಿಂದ ಶುರುವಾಗುವ ಎಲ್ಲ ಹೆಸರನ್ನೂ ಹೊರಗೆ ಕೊಡು ಎಂಬ ಮಾದರಿ ಸಾಲು (ಎಕ್ಸ್‌ಪೋರ್ಟ್‌ಪ್ಯಾಟರ್ನ್) ಇರುತ್ತದೆ. ನಿಮ್ಮ ಆಪರೇಟರ್ ಶುರುವಾಗುವುದು ಶೇಕಡಾ ಚಿಹ್ನೆಯಿಂದ, ಅಕ್ಷರದಿಂದಲ್ಲ. ‘ಎಕ್ಸ್‌ಪೋರ್ಟ್("%+=%")’ ಎಂದು ಬೇರೆ ಸಾಲು ಸೇರಿಸಿ.

ಸಹಾಯ ಪುಟದಲ್ಲಿ ಉದಾಹರಣೆ ಅರ್ಧಕ್ಕೇ ತುಂಡಾಗಿದ್ದರೆ ಅದಕ್ಕೂ ಶೇಕಡಾ ಚಿಹ್ನೆಯೇ ಕಾರಣ. ಸಹಾಯ ಪುಟ ಬರೆಯುವ ಆರ್‌ಡಿ ಕಡತದಲ್ಲಿ % ಬಂದಲ್ಲಿಂದ ಸಾಲಿನ ಕೊನೆಯವರೆಗೆ ಟಿಪ್ಪಣಿ ಎಂದೇ ಲೆಕ್ಕ. ಪ್ರತಿ % ಮುಂದೆ ಒಂದು \ ಹಾಕಿ, \%+=\% ಎಂದು ಬರೆಯಿರಿ.